ನ್ಯಾಯಪೀಠದಿಂದ ಪ್ರಾಂತದ ಆಡಳಿತಕ್ಕೆ: ಸರ್ ಆಲಿವರ್ ಮೋವಟ್‌ನ ಸಾರ್ವಜನಿಕ ಜೀವನ

ಒಕ್ಕೂಟ ರಾಷ್ಟ್ರಗಳ ಇತಿಹಾಸವನ್ನು ಸಾಮಾನ್ಯವಾಗಿ ಸಂವಿಧಾನ ರಚಿಸಿದವರ ದೃಷ್ಟಿಯಿಂದ ಬರೆಯುವುದು ರೂಢಿ. ಆದರೆ ಸಂವಿಧಾನದ ಪಠ್ಯ ಸಿದ್ಧವಾದ ಮಾತ್ರಕ್ಕೆ ಅದರ ಅರ್ಥ ನಿಗದಿಯಾಗುವುದಿಲ್ಲ. ಆ ಅರ್ಥ ರೂಪುಗೊಳ್ಳುವುದು ಅನಂತರದ ದಶಕಗಳ ಆಡಳಿತದಲ್ಲಿ, ಶಾಸನಸಭೆಗಳ ಹಗ್ಗಜಗ್ಗಾಟದಲ್ಲಿ ಮತ್ತು ನ್ಯಾಯಾಲಯಗಳ ತೀರ್ಪುಗಳಲ್ಲಿ. ಕೆನಡಾ ಇದಕ್ಕೊಂದು ಸ್ಪಷ್ಟ ನಿದರ್ಶನ. ೧೮೬೭ರ ಬ್ರಿಟಿಷ್ ಉತ್ತರ ಅಮೆರಿಕ ಕಾಯಿದೆಯ ಮೂಲಕ ಹುಟ್ಟಿದ ಆ ದೇಶದ ಮೊದಲ ಪ್ರಧಾನಮಂತ್ರಿ ಸರ್ ಜಾನ್ ಎ. ಮ್ಯಾಕ್ಡೊನಾಲ್ಡ್, ಪ್ರಾಂತಗಳನ್ನು ದೊಡ್ಡ ನಗರಸಭೆಗಳಿಗಿಂತ ಹೆಚ್ಚೇನೂ ಅಲ್ಲವೆಂಬಂತೆ ಕಂಡಿದ್ದ. ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ ಆ ಪ್ರಾಂತಗಳು ತಮ್ಮ ವ್ಯಾಪ್ತಿಯಲ್ಲಿ ಸಾರ್ವಭೌಮವೆನ್ನಬಹುದಾದ ಸ್ಥಾನ ಪಡೆದಿದ್ದವು. ಈ ಪಲ್ಲಟದ ಹಿಂದೆ ನಿಂತವರಲ್ಲಿ ಪ್ರಮುಖನಾದವನು ಒಂಟಾರಿಯೊ ಪ್ರಾಂತದ ಪ್ರೀಮಿಯರ್ ಆಗಿದ್ದ ಆಲಿವರ್ ಮೋವಟ್. ಕೆನಡಾದ ಪ್ರೀಮಿಯರ್ ಹುದ್ದೆ ನಮ್ಮ ಮುಖ್ಯಮಂತ್ರಿಯ ಹುದ್ದೆಗೆ ಸಮಾನವಾದದ್ದು.

ಮೋವಟ್ ವಕೀಲ, ಶಾಸಕ, ನ್ಯಾಯಾಧೀಶ, ಪ್ರೀಮಿಯರ್, ಕೇಂದ್ರ ಮಂತ್ರಿ, ಲೆಫ್ಟಿನೆಂಟ್ ಗವರ್ನರ್ ಎಂಬ ಆರು ಪಾತ್ರಗಳನ್ನು ಒಂದರ ನಂತರ ಒಂದರಂತೆ ನಿರ್ವಹಿಸಿದ. ಆತನ ಜೀವನವನ್ನು ಪರಿಚಯಿಸುವುದರ ಜೊತೆಗೆ, ಆತ ಗಳಿಸಿಕೊಟ್ಟ ಪ್ರಾಂತೀಯ ಹಕ್ಕು ಯಾರ ಪಾಲಿಗೆ ಲಾಭವಾಯಿತು, ಯಾರ ಪಾಲಿಗೆ ನಷ್ಟವಾಯಿತು ಎಂಬ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಬಾಲ್ಯ ಮತ್ತು ವಕೀಲಿ ವೃತ್ತಿ

ಆಲಿವರ್ ಮೋವಟ್ ಜನಿಸಿದ್ದು ೧೮೨೦ರ ಜುಲೈ ೨೨ರಂದು, ಅಂದಿನ ಅಪ್ಪರ್ ಕೆನಡಾ ವಸಾಹತಿನ ಕಿಂಗ್‌ಸ್ಟನ್ ಪಟ್ಟಣದಲ್ಲಿ. ಒಂಟಾರಿಯೊ ಸರೋವರದ ನೀರು ಸೇಂಟ್ ಲಾರೆನ್ಸ್ ನದಿಯಾಗಿ ಹೊರಹರಿಯುವ ಜಾಗದಲ್ಲಿರುವ ಈ ಊರು ಆಗ ಸೇನಾಠಾಣ್ಯವೂ ವ್ಯಾಪಾರ ಕೇಂದ್ರವೂ ಆಗಿತ್ತು. ತಂದೆ ಜಾನ್ ಮೋವಟ್ ಸ್ಕಾಟ್ಲೆಂಡಿನ ಉತ್ತರ ತುದಿಯ ಕೇತ್‌ನೆಸ್ ಸೀಮೆಯವನು. ಬ್ರಿಟಿಷ್ ಸೈನ್ಯದ ಸಿಪಾಯಿಯಾಗಿ ಕೆನಡಾಕ್ಕೆ ಬಂದು, ಬಿಡುಗಡೆಯಾದ ಮೇಲೆ ಕಿಂಗ್‌ಸ್ಟನ್ನಿನಲ್ಲಿ ನೆಲೆನಿಂತು ವ್ಯಾಪಾರಸ್ಥನಾದ. ತಾಯಿ ಹೆಲೆನ್ ಲೆವಾಕ್. ಐವರು ಮಕ್ಕಳಲ್ಲಿ ಆಲಿವರನೇ ಹಿರಿಯ. ಪ್ರೆಸ್ಬಿಟೇರಿಯನ್ ಪಂಥದ ಶಿಸ್ತು, ಮಿತಭಾಷಿತ್ವ ಮತ್ತು ಧರ್ಮಶ್ರದ್ಧೆ ಆ ಮನೆಯ ವಾತಾವರಣದಲ್ಲಿದ್ದವು. ಇವು ಮೋವಟ್‌ನ ಸ್ವಭಾವದಲ್ಲಿ ಕಡೆಯವರೆಗೂ ಉಳಿದವು.

ಹದಿನಾರರ ಆಸುಪಾಸಿನಲ್ಲಿ ಆತ ವಕೀಲಿ ಕಲಿಯಲು ಸೇರಿದ್ದು ಕಿಂಗ್‌ಸ್ಟನ್ನಿನ ಯುವ ವಕೀಲನೊಬ್ಬನ ಕಚೇರಿಗೆ. ಆ ವಕೀಲ ಬೇರಾರೂ ಅಲ್ಲ, ಮೋವಟ್‌ಗಿಂತ ಕೇವಲ ಐದು ವರ್ಷ ಹಿರಿಯನಾದ ಜಾನ್ ಎ. ಮ್ಯಾಕ್ಡೊನಾಲ್ಡ್. ಮುಂದೆ ಮ್ಯಾಕ್ಡೊನಾಲ್ಡ್ ಸರ್ಕಾರದಲ್ಲಿ ನ್ಯಾಯಮಂತ್ರಿಯಾಗಿ, ಅನಂತರ ಒಂಟಾರಿಯೊದ ಲೆಫ್ಟಿನೆಂಟ್ ಗವರ್ನರ್ ಆಗಿ ಬಂದ ಅಲೆಕ್ಸಾಂಡರ್ ಕ್ಯಾಂಬೆಲ್ ಸಹ ಅದೇ ಕಚೇರಿಯಲ್ಲಿ ತರಬೇತಿ ಪಡೆದವನು. ಕೆನಡಾದ ಸಂವಿಧಾನದ ಅರ್ಥಕ್ಕಾಗಿ ಕಾಲು ಶತಮಾನ ಹೋರಾಡಿದ ಎರಡೂ ಪಕ್ಷದವರು ಹೀಗೆ ಒಂದೇ ಕಚೇರಿಯ ಮೇಜಿನಿಂದ ಎದ್ದುಬಂದವರು ಎಂಬುದು ಗಮನಾರ್ಹ.

೧೮೪೦ರಲ್ಲಿ ಮೋವಟ್ ಟೊರಾಂಟೊಗೆ ತೆರಳಿದ. ಮರುವರ್ಷ ವಕೀಲನಾಗಿ ದಾಖಲಾದ. ಆತ ಆರಿಸಿಕೊಂಡದ್ದು ಚಾನ್ಸರಿ ನ್ಯಾಯಾಲಯದ ವಕಾಲತ್ತು. ಇಂಗ್ಲಿಷ್ ಪದ್ಧತಿಯಲ್ಲಿ ಸಾಮಾನ್ಯ ಕಾನೂನಿನ ನ್ಯಾಯಾಲಯಗಳ ಬಿಗಿ ನಿಯಮಗಳಿಂದ ಪರಿಹಾರ ಸಿಗದ ಸಂದರ್ಭಗಳಲ್ಲಿ ಔಚಿತ್ಯವನ್ನು ಆಧರಿಸಿ ನ್ಯಾಯ ನೀಡುತ್ತಿದ್ದ ನ್ಯಾಯಾಲಯವೇ ಚಾನ್ಸರಿ. ನ್ಯಾಸಗಳು, ಉಯಿಲುಗಳು, ಅಡಮಾನಗಳು, ಅಪ್ರಾಪ್ತ ವಯಸ್ಕರ ಆಸ್ತಿ ಇಂಥ ವಿಷಯಗಳು ಅದರ ಮುಂದೆ ಬರುತ್ತಿದ್ದವು. ಇಲ್ಲಿ ವಾಗ್ಮಿತೆಗಿಂತ ದಸ್ತಾವೇಜುಗಳ ಸೂಕ್ಷ್ಮ ಓದು ಮುಖ್ಯ. ಒಂದು ಪದದ ವ್ಯಾಪ್ತಿ ಎಷ್ಟು, ಒಂದು ಅಧಿಕಾರ ಎಲ್ಲಿಂದ ಹುಟ್ಟಿತು ಎಂದು ತಾಳ್ಮೆಯಿಂದ ಶೋಧಿಸುವ ಈ ಅಭ್ಯಾಸವೇ ಮುಂದೆ ಸಂವಿಧಾನದ ವ್ಯಾಜ್ಯಗಳಲ್ಲಿ ಆತನ ಬಂಡವಾಳವಾಯಿತು. ೧೮೪೬ರಲ್ಲಿ ಆತ ಟೊರಾಂಟೊದ ಜೇನ್ ಯೂವರ್ಟ್‌ಳನ್ನು ವಿವಾಹವಾದ.

೨. ರಾಜಕೀಯ ಪ್ರವೇಶ

ಕಿಂಗ್‌ಸ್ಟನ್ನಿನ ರಾಜನಿಷ್ಠ, ಸಂಪ್ರದಾಯವಾದಿ ಪರಿಸರದಲ್ಲಿ ಬೆಳೆದ ಮೋವಟ್ ೧೮೩೭ರ ದಂಗೆಯ ಕಾಲದಲ್ಲಿ ಸರ್ಕಾರದ ಪರವಾಗಿ ನಾಗರಿಕ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ. ಆದರೂ ರಾಜಕೀಯಕ್ಕೆ ಕಾಲಿಟ್ಟಾಗ ಆತ ಸೇರಿದ್ದು ಸುಧಾರಣಾವಾದಿಗಳ ಪಕ್ಷವನ್ನು. ಟೊರಾಂಟೊ ನಗರಸಭೆಯ ಸದಸ್ಯತ್ವದಿಂದ ಆರಂಭಿಸಿ, ೧೮೫೭ರ ಚುನಾವಣೆಯಲ್ಲಿ ಸೌತ್ ಒಂಟಾರಿಯೊ ಕ್ಷೇತ್ರದಿಂದ ಸಂಯುಕ್ತ ಕೆನಡಾ ಪ್ರಾಂತದ ಶಾಸನಸಭೆಗೆ ಆಯ್ಕೆಯಾದ. ೧೮೫೮ರ ಆಗಸ್ಟ್‌ನಲ್ಲಿ ಜಾರ್ಜ್ ಬ್ರೌನ್ ಮತ್ತು ಡೋರಿಯೋನ್ ರಚಿಸಿದ ಮಂತ್ರಿಮಂಡಲದಲ್ಲಿ ಕಾರ್ಯದರ್ಶಿ ಸ್ಥಾನದ ಮಂತ್ರಿಯೂ ಆದ. ಆದರೆ ಆ ಮಂತ್ರಿಮಂಡಲ ಎರಡೇ ದಿನಗಳಲ್ಲಿ ಬಿದ್ದುಹೋಯಿತು.

ಗುರುವಾಗಿದ್ದ ಮ್ಯಾಕ್ಡೊನಾಲ್ಡ್ ಈಗ ಎದುರಾಳಿ. ೧೮೬೧ರಲ್ಲಿ ಸಭೆಯಲ್ಲಿ ಮೋವಟ್ ಆಡಿದ ಮಾತಿಗೆ ಕೆರಳಿದ ಮ್ಯಾಕ್ಡೊನಾಲ್ಡ್ ಆತನ ಬಳಿಗೆ ಧಾವಿಸಿ ಕೆನ್ನೆಗೆ ಹೊಡೆಯುವುದಾಗಿ ಬೆದರಿಸಿದ ಪ್ರಸಂಗ ಕೆನಡಾದ ರಾಜಕೀಯ ಕಥನಗಳಲ್ಲಿ ಪ್ರಸಿದ್ಧವಾಗಿದೆ. ವ್ಯಕ್ತಿಸ್ವಭಾವದಲ್ಲಿಯೂ ಇಬ್ಬರೂ ಎರಡು ಧ್ರುವ. ಮ್ಯಾಕ್ಡೊನಾಲ್ಡ್ ನೀಳಕಾಯದ, ಹಾಸ್ಯಪ್ರಿಯ, ಮದ್ಯಾಸಕ್ತ. ಮೋವಟ್ ಗಿಡ್ಡ, ಕನ್ನಡಕಧಾರಿ, ನಿಯಮನಿಷ್ಠ.

೧೮೬೪ರಲ್ಲಿ ಎರಡೂ ಪಕ್ಷಗಳು ಕೂಡಿ ಒಕ್ಕೂಟ ರಚನೆಗಾಗಿ ಸಂಯುಕ್ತ ಸರ್ಕಾರ ರಚಿಸಿದಾಗ ಮೋವಟ್ ಅಂಚೆ ಇಲಾಖೆಯ ಮಂತ್ರಿಯಾಗಿ ಅದನ್ನು ಸೇರಿದ. ಅದೇ ಅಕ್ಟೋಬರ್‌ನಲ್ಲಿ ಕ್ವಿಬೆಕ್ ನಗರದಲ್ಲಿ ಸೇರಿದ ಸಮ್ಮೇಳನದಲ್ಲಿ ಪ್ರತಿನಿಧಿಯಾಗಿ ಪಾಲ್ಗೊಂಡು, ಪ್ರಾಂತಗಳ ಅಧಿಕಾರಗಳನ್ನು ಕುರಿತ ಚರ್ಚೆಯಲ್ಲಿ ಮುಖ್ಯ ಪಾತ್ರ ವಹಿಸಿದ. ಆದ್ದರಿಂದಲೇ ಆತನನ್ನು ಕೆನಡಾ ಒಕ್ಕೂಟದ ಪಿತಾಮಹರಲ್ಲಿ ಒಬ್ಬನೆಂದು ಎಣಿಸುತ್ತಾರೆ. ಪ್ರಾಂತಗಳ ಯಾವುದೇ ಶಾಸನವನ್ನು ಕೇಂದ್ರವು ರದ್ದುಗೊಳಿಸಬಹುದೆಂಬ ನಿಯಮವೂ ಅದೇ ಸಮ್ಮೇಳನದ ನಿರ್ಣಯಗಳಲ್ಲಿ ಸೇರಿತ್ತು. ಯಾವ ಅಸ್ತ್ರದ ವಿರುದ್ಧ ಮುಂದೆ ಜೀವಮಾನವಿಡೀ ಹೋರಾಡಿದನೋ ಅದು ರೂಪುಗೊಂಡಾಗ ಮೋವಟ್ ಆ ಸಭೆಯಲ್ಲಿಯೇ ಇದ್ದ.

೩. ನ್ಯಾಯಪೀಠದ ಎಂಟು ವರ್ಷ

ಸಮ್ಮೇಳನ ಮುಗಿದ ಕೆಲವೇ ವಾರಗಳಲ್ಲಿ, ೧೮೬೪ರ ನವೆಂಬರ್‌ನಲ್ಲಿ, ಮೋವಟ್ ರಾಜಕೀಯ ತೊರೆದು ಅಪ್ಪರ್ ಕೆನಡಾದ ಚಾನ್ಸರಿ ನ್ಯಾಯಾಲಯದ ಉಪಚಾನ್ಸಲರ್ ಪದವಿಯನ್ನು ಒಪ್ಪಿಕೊಂಡ. ವೃತ್ತಿಯ ದೃಷ್ಟಿಯಿಂದ ಇದು ಸಹಜವಾದ ಶಿಖರ. ಇದರಿಂದಾಗಿ ೧೮೬೭ರಲ್ಲಿ ಒಕ್ಕೂಟ ಅಸ್ತಿತ್ವಕ್ಕೆ ಬಂದಾಗ ಆತ ಪಕ್ಷ ರಾಜಕಾರಣದಿಂದ ದೂರವಿದ್ದ. ಎಂಟು ವರ್ಷಗಳ ಕಾಲ ಶ್ರದ್ಧೆಯಿಂದ ನ್ಯಾಯದಾನ ಮಾಡಿ, ತಾಂತ್ರಿಕತೆಗೆ ಜೋತುಬೀಳದ ನ್ಯಾಯಾಧೀಶನೆಂದು ಹೆಸರು ಗಳಿಸಿದ. ಎರಡು ಬಗೆಯ ನ್ಯಾಯಾಲಯಗಳು ಬೇರೆಬೇರೆಯಾಗಿರುವುದರಿಂದ ಕಕ್ಷಿದಾರರಿಗೆ ಆಗುವ ತೊಡಕುಗಳನ್ನೂ ಹತ್ತಿರದಿಂದ ಕಂಡ. ೧೮೮೧ರಲ್ಲಿ ಆತನ ಸರ್ಕಾರ ಈ ನ್ಯಾಯಾಲಯಗಳನ್ನು ಒಂದುಗೂಡಿಸುವ ಕಾಯಿದೆಯನ್ನು ತಂದದ್ದು ಈ ಅನುಭವದ ಹಿನ್ನೆಲೆಯಲ್ಲಿ.

೧೮೭೨ರಲ್ಲಿ ಒಬ್ಬನೇ ವ್ಯಕ್ತಿ ಪ್ರಾಂತದ ಸಭೆಯಲ್ಲಿಯೂ ಕೇಂದ್ರದ ಸಂಸತ್ತಿನಲ್ಲಿಯೂ ಇರುವಂತಿಲ್ಲ ಎಂಬ ನಿಯಮ ಬಂದಿತು. ಒಂಟಾರಿಯೊದ ಪ್ರೀಮಿಯರ್ ಎಡ್ವರ್ಡ್ ಬ್ಲೇಕ್ ಕೇಂದ್ರವನ್ನು ಆರಿಸಿಕೊಂಡ. ಉತ್ತರಾಧಿಕಾರಿಯಾಗಿ ಲಿಬರಲ್ ನಾಯಕರು ಕರೆದದ್ದು ನ್ಯಾಯಪೀಠದಲ್ಲಿದ್ದ ಮೋವಟ್‌ನನ್ನು. ೧೮೭೨ರ ಅಕ್ಟೋಬರ್ ೨೫ರಂದು ಆತ ಪ್ರೀಮಿಯರ್ ಹಾಗೂ ಅಟಾರ್ನಿ ಜನರಲ್ ಆಗಿ ಅಧಿಕಾರ ವಹಿಸಿಕೊಂಡ. ನ್ಯಾಯಾಧೀಶನೊಬ್ಬ ಪೀಠದಿಂದಿಳಿದು ನೇರವಾಗಿ ಪಕ್ಷ ರಾಜಕಾರಣಕ್ಕೆ ಬರುವುದು ನ್ಯಾಯಾಂಗದ ಘನತೆಗೆ ಕುಂದು ಎಂದು ವಿರೋಧಿಗಳು ಟೀಕಿಸಿದರು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಮೋವಟ್ ಪೀಠವನ್ನು ಬಿಟ್ಟರೂ ನ್ಯಾಯಾಲಯವನ್ನು ಬಿಡಲಿಲ್ಲ. ಮುಂದಿನ ಇಪ್ಪತ್ನಾಲ್ಕು ವರ್ಷ ಅದೇ ಆತನ ಮುಖ್ಯ ರಣಾಂಗಣವಾಯಿತು.

೪. ಆಡಳಿತಗಾರ

೧೮೭೫ರಿಂದ ೧೮೯೪ರವರೆಗೆ ಆರು ಸಾರ್ವತ್ರಿಕ ಚುನಾವಣೆಗಳಲ್ಲಿ ಮೋವಟ್ ಅಧಿಕಾರ ಉಳಿಸಿಕೊಂಡ. ೧೮೭೪ರಲ್ಲಿ ಪ್ರಾಂತದ ಚುನಾವಣೆಗಳಿಗೆ ಗುಪ್ತ ಮತದಾನ ಬಂದಿತು; ಅದೇ ವರ್ಷ ಗ್ವೆಲ್ಫ್ ಪಟ್ಟಣದಲ್ಲಿ ಕೃಷಿ ಶಾಲೆ ಆರಂಭವಾಯಿತು. ೧೮೮೪ರಲ್ಲಿ ಕಾರ್ಖಾನೆ ಕಾಯಿದೆ, ೧೮೮೬ರಲ್ಲಿ ಕಾರ್ಮಿಕರ ಪರಿಹಾರದ ಕಾಯಿದೆ, ೧೮೮೮ರಲ್ಲಿ ಆಸ್ತಿಯ ಅರ್ಹತೆಯನ್ನು ತೆಗೆದುಹಾಕಿ ವಯಸ್ಕ ಪುರುಷರಿಗೆಲ್ಲ ಮತಾಧಿಕಾರ ಕೊಡುವ ಕಾಯಿದೆ ಜಾರಿಯಾದವು. ೧೮೯೨ರಲ್ಲಿ ಮಹಿಳೆಯರಿಗೆ ವಕೀಲಿ ವೃತ್ತಿಯ ಬಾಗಿಲು ತೆರೆಯುವ ಶಾಸನ ಬಂದಿತು. ಅದರ ಫಲವಾಗಿ ೧೮೯೭ರಲ್ಲಿ ಕ್ಲಾರಾ ಬ್ರೆಟ್ ಮಾರ್ಟಿನ್ ಒಂಟಾರಿಯೊದ ಮೊದಲ ಮಹಿಳಾ ವಕೀಲೆಯಾದಳು. ಆದರೆ ಮಹಿಳೆಯರಿಗೆ ಮತದಾನದ ಹಕ್ಕನ್ನು ಮೋವಟ್ ಸರ್ಕಾರ ಕೊಡಲಿಲ್ಲ. ಅದಕ್ಕಾಗಿ ಅವರು ೧೯೧೭ರವರೆಗೆ ಕಾಯಬೇಕಾಯಿತು.

ಈ ದೀರ್ಘ ಆಳ್ವಿಕೆಗೆ ಇನ್ನೊಂದು ಮುಖವೂ ಇದೆ. ೧೮೭೬ರ ಮದ್ಯ ಪರವಾನಗಿ ಕಾಯಿದೆಯಿಂದ ಪರವಾನಗಿ ಕೊಡುವ ಅಧಿಕಾರ ಪುರಸಭೆಗಳಿಂದ ಪ್ರಾಂತ ಸರ್ಕಾರ ನೇಮಿಸುವ ಆಯುಕ್ತರ ಕೈಗೆ ಬಂದಿತು. ಇದರಿಂದ ಮದ್ಯಪಾನ ನಿಯಂತ್ರಣದ ಜೊತೆಗೆ ಆಡಳಿತ ಪಕ್ಷಕ್ಕೆ ಊರೂರಿನಲ್ಲಿಯೂ ಹಿಡಿತ ಸಿಕ್ಕಿತು. ಪಕ್ಷಕ್ಕೆ ಅನುಕೂಲವಾಗುವಂತೆ ಕ್ಷೇತ್ರಗಳ ಗಡಿಗಳನ್ನು ತಿದ್ದಿದ ಆರೋಪವೂ ಆತನ ಮೇಲಿದೆ. ಪ್ರಾಟೆಸ್ಟೆಂಟರು ಮತ್ತು ಕ್ಯಾಥೊಲಿಕರ ನಡುವಣ ವೈಮನಸ್ಯದಲ್ಲಿ ಆತ ಎರಡೂ ಕಡೆಯವರನ್ನು ದೂರಮಾಡಿಕೊಳ್ಳದ ಜಾಣ್ಮೆ ತೋರಿದ. ೧೮೭೩ರಲ್ಲಿ ಪ್ರಾಟೆಸ್ಟೆಂಟರ ಆರೆಂಜ್ ಸಂಘಕ್ಕೆ ಮಾನ್ಯತೆ ನೀಡುವ ಮಸೂದೆಗಳು ಸಭೆಯಲ್ಲಿ ಅಂಗೀಕಾರವಾದಾಗ, ಅವಕ್ಕೆ ಅಂಕಿತ ಹಾಕದೆ ಗವರ್ನರ್ ಜನರಲ್‌ನ ಪರಿಶೀಲನೆಗೆ ಕಾಯ್ದಿರಿಸುವಂತೆ ಲೆಫ್ಟಿನೆಂಟ್ ಗವರ್ನರ್‌ಗೆ ಸಲಹೆ ನೀಡಿದವನು ಮೋವಟ್‌ನೇ. ಮ್ಯಾಕ್ಡೊನಾಲ್ಡ್ ಈ ಬಲೆಗೆ ಬೀಳಲಿಲ್ಲ. ವಿಷಯ ಪ್ರಾಂತದ್ದೇ ಎಂದು ಅವನ್ನು ಹಿಂದಕ್ಕೆ ಕಳುಹಿಸಿದ. ಪ್ರಾಂತೀಯ ಸ್ವಾಯತ್ತತೆಯ ಪ್ರತಿಪಾದಕನೇ ಅಗತ್ಯ ಬಿದ್ದಾಗ ಕೇಂದ್ರದ ಹೆಗಲಿಗೆ ಭಾರ ಹೊರಿಸಲು ನೋಡಿದ ಈ ಪ್ರಸಂಗ, ಆತನ ಸಿದ್ಧಾಂತ ನಿಷ್ಠೆಯ ಮಿತಿಯನ್ನು ಸೂಚಿಸುತ್ತದೆ.

೫. ಪ್ರಾಂತದ ಹಕ್ಕಿಗಾಗಿ ವ್ಯಾಜ್ಯ

೧೮೬೭ರ ಕಾಯಿದೆ ತನ್ನ ೯೧ನೆಯ ಪ್ರಕರಣದಲ್ಲಿ ಕೇಂದ್ರದ ಅಧಿಕಾರಗಳನ್ನೂ ೯೨ನೆಯ ಪ್ರಕರಣದಲ್ಲಿ ಪ್ರಾಂತಗಳ ಅಧಿಕಾರಗಳನ್ನೂ ಪಟ್ಟಿಮಾಡಿತ್ತು. ಉಳಿಕೆ ಅಧಿಕಾರ ಕೇಂದ್ರದ್ದು. ಲೆಫ್ಟಿನೆಂಟ್ ಗವರ್ನರನನ್ನು ನೇಮಿಸುವುದೂ ಕೇಂದ್ರವೇ. ಈ ಪಠ್ಯವನ್ನು ಓದಿದವರಿಗೆ ಮ್ಯಾಕ್ಡೊನಾಲ್ಡ್‌ನ ವ್ಯಾಖ್ಯಾನ ಸಹಜವೆನಿಸುವಂತಿತ್ತು. ಮೋವಟ್ ಇದಕ್ಕೆ ಪ್ರತಿಯಾಗಿ ಎರಡು ನಿಲುವುಗಳನ್ನು ಹಿಡಿದ. ಒಕ್ಕೂಟವು ಪ್ರಾಂತಗಳ ನಡುವಣ ಒಡಂಬಡಿಕೆಯಿಂದ ಹುಟ್ಟಿದ್ದು ಎಂಬುದು ಮೊದಲನೆಯದು. ಪ್ರಾಂತದ ಶಾಸನಸಭೆ ತನಗೆ ವಹಿಸಿದ ವಿಷಯಗಳಲ್ಲಿ ಯಾರ ಅಧೀನವೂ ಅಲ್ಲ ಎಂಬುದು ಎರಡನೆಯದು. ಇವನ್ನು ಸ್ಥಾಪಿಸಲು ಆತ ಆಶ್ರಯಿಸಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನ ನ್ಯಾಯ ಸಮಿತಿಯನ್ನು. ಸಾಮ್ರಾಜ್ಯದ ವಸಾಹತುಗಳಿಗೆ ಅದೇ ಅಂತಿಮ ಮೇಲ್ಮನವಿಯ ಸ್ಥಾನ.

ಮೊದಲ ಮಹತ್ವದ ಗೆಲುವು ವಾರಸುದಾರರಿಲ್ಲದ ಆಸ್ತಿಗೆ ಸಂಬಂಧಿಸಿದ್ದು. ೧೮೭೧ರಲ್ಲಿ ಆಂಡ್ರ್ಯೂ ಮರ್ಸರ್ ಎಂಬ ಟೊರಾಂಟೊದ ಶ್ರೀಮಂತ ಉಯಿಲು ಬರೆಯದೆ ತೀರಿಕೊಂಡ. ಆತನ ಆಸ್ತಿ ರಾಜಪ್ರಭುತ್ವಕ್ಕೆ ಸೇರಬೇಕಾದರೆ, ಆ ರಾಜಪ್ರಭುತ್ವ ಕೇಂದ್ರದ್ದೋ ಪ್ರಾಂತದ್ದೋ ಎಂಬ ಪ್ರಶ್ನೆ ಎದ್ದಿತು. ಕೆನಡಾದ ಸುಪ್ರೀಂ ಕೋರ್ಟು ಕೇಂದ್ರದ ಪರ ನಿಂತರೂ ೧೮೮೩ರಲ್ಲಿ ಪ್ರಿವಿ ಕೌನ್ಸಿಲ್ ಒಂಟಾರಿಯೊದ ಹಕ್ಕನ್ನು ಎತ್ತಿಹಿಡಿಯಿತು. ಹಣದ ಮೊತ್ತಕ್ಕಿಂತ ಹೆಚ್ಚಿನ ಮಹತ್ವ ಪ್ರಾಂತದಲ್ಲಿಯೂ ರಾಜಪ್ರಭುತ್ವ ನೆಲೆಸಿದೆ ಎಂಬ ತತ್ತ್ವಕ್ಕಿತ್ತು.

ಅದೇ ವರ್ಷ ಬಂದ ಹಾಡ್ಜ್ ಪ್ರಕರಣದ ಮೂಲ ಇನ್ನೂ ಸಣ್ಣದು. ಟೊರಾಂಟೊದ ಪಾನಗೃಹವೊಂದರ ಮಾಲೀಕನಾದ ಹಾಡ್ಜ್, ಮದ್ಯ ಮಾರಾಟ ನಿಷಿದ್ಧವಾದ ಶನಿವಾರ ಸಂಜೆಯ ಹೊತ್ತಿನಲ್ಲಿ ಬಿಲಿಯರ್ಡ್ಸ್ ಆಡಲು ಬಿಟ್ಟನೆಂದು ದಂಡಕ್ಕೆ ಗುರಿಯಾದ. ಪ್ರಾಂತದ ಸಭೆಯೇ ಸಾಮ್ರಾಜ್ಯ ಸಂಸತ್ತಿನ ಪ್ರತಿನಿಧಿ ಮಾತ್ರವಾಗಿರುವಾಗ, ಅದು ತನ್ನ ಅಧಿಕಾರವನ್ನು ಪರವಾನಗಿ ಆಯುಕ್ತರಿಗೆ ವಹಿಸಿಕೊಡುವಂತಿಲ್ಲ ಎಂಬುದು ಆತನ ಪರವಾದ ವಾದಗಳಲ್ಲಿ ಒಂದು. ಪ್ರಿವಿ ಕೌನ್ಸಿಲ್ ಇದನ್ನು ತಳ್ಳಿಹಾಕಿತು. ಪ್ರಾಂತದ ಶಾಸನಸಭೆ ಯಾರ ಪ್ರತಿನಿಧಿಯೂ ಅಲ್ಲ. ತನ್ನ ಮಿತಿಯೊಳಗೆ ಅದರ ಅಧಿಕಾರ ಸಾಮ್ರಾಜ್ಯ ಸಂಸತ್ತಿನಷ್ಟೇ ಪೂರ್ಣವಾದದ್ದು ಎಂದು ಸಾರಿತು. ಭಾರತೀಯ ಓದುಗರು ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಐದು ವರ್ಷಗಳ ಹಿಂದೆ, ೧೮೭೮ರಲ್ಲಿ, ಖಾಸಿ ಮತ್ತು ಜೈಂತಿಯಾ ಬೆಟ್ಟಗಳ ಆಡಳಿತಕ್ಕೆ ಸಂಬಂಧಿಸಿದ ಬುರಾ ಪ್ರಕರಣದಲ್ಲಿ ಇದೇ ನ್ಯಾಯ ಸಮಿತಿ ಭಾರತದ ಶಾಸನಸಭೆಯನ್ನು ಕುರಿತು ಇದೇ ತತ್ತ್ವವನ್ನು ಹೇಳಿತ್ತು. ೧೮೮೫ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಸಾಹತಿನ ಮೊಕದ್ದಮೆಯೊಂದರಲ್ಲಿ ಪ್ರಿವಿ ಕೌನ್ಸಿಲ್ ಈ ಎರಡೂ ತೀರ್ಪುಗಳನ್ನು ಜೊತೆಗಿಟ್ಟು ಆಧಾರವಾಗಿ ಬಳಸಿತು. ಮೂರು ಖಂಡಗಳ ಶಾಸನಸಭೆಗಳ ಸ್ಥಾನಮಾನ ಹೀಗೆ ಒಂದೇ ನ್ಯಾಯಸೂತ್ರದಲ್ಲಿ ಹೆಣೆದುಕೊಂಡಿತು.

ಶಾಸನ ರದ್ದತಿಯ ಅಸ್ತ್ರದ ವಿರುದ್ಧ ನಡೆದ ಹೋರಾಟ ನದಿಯೊಂದರ ದಡದಲ್ಲಿ ಆರಂಭವಾಯಿತು. ಪೂರ್ವ ಒಂಟಾರಿಯೊದಲ್ಲಿ ಹರಿದು ಆಟವಾ ನದಿಯನ್ನು ಸೇರುವ ಮಿಸಿಸಿಪಿ ಎಂಬ ಹೊಳೆಯಲ್ಲಿ ಪೀಟರ್ ಮೆಕ್‌ಲಾರೆನ್ ಎಂಬ ಮರದ ವ್ಯಾಪಾರಿ ತನ್ನ ಖರ್ಚಿನಲ್ಲಿ ಅಣೆಕಟ್ಟು, ಇಳಿಜಾರುಗಳನ್ನು ಕಟ್ಟಿಸಿದ್ದ. ಪ್ರತಿಸ್ಪರ್ಧಿಯಾದ ಕಾಲ್ಡ್‌ವೆಲ್ ತನ್ನ ದಿಮ್ಮಿಗಳನ್ನು ಅದೇ ಹೊಳೆಯಲ್ಲಿ ತೇಲಿಬಿಡಲು ಬಂದಾಗ ತಡೆದ. ಮೆಕ್‌ಲಾರೆನ್ ಕನ್ಸರ್ವೇಟಿವ್ ಪಕ್ಷದವನು, ಕಾಲ್ಡ್‌ವೆಲ್ ಲಿಬರಲ್. ಸೂಕ್ತ ಶುಲ್ಕ ತೆತ್ತು ಎಲ್ಲರೂ ಹೊಳೆಗಳನ್ನು ಬಳಸಬಹುದೆಂದು ೧೮೮೧ರಲ್ಲಿ ಮೋವಟ್ ಸರ್ಕಾರ ಕಾಯಿದೆ ಮಾಡಿತು. ಖಾಸಗಿ ಆಸ್ತಿಗೆ ಅನ್ಯಾಯವೆಂದು ಮ್ಯಾಕ್ಡೊನಾಲ್ಡ್ ಸರ್ಕಾರ ಅದನ್ನು ರದ್ದುಮಾಡಿತು. ಸಭೆ ಮತ್ತೆ ಅಂಗೀಕರಿಸಿತು, ಕೇಂದ್ರ ಮತ್ತೆ ರದ್ದುಮಾಡಿತು. ಮೂರು ಬಾರಿ ಹೀಗಾಯಿತು. ಈ ನಡುವೆ ೧೮೮೪ರಲ್ಲಿ ಮೂಲ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲ್ ಕಾಲ್ಡ್‌ವೆಲ್‌ನ ಪರ ತೀರ್ಪಿತ್ತಿತು. ಆ ವರ್ಷ ಮತ್ತೆ ಅಂಗೀಕಾರವಾದ ಕಾಯಿದೆಯನ್ನು ಕೇಂದ್ರ ಮುಟ್ಟಲಿಲ್ಲ.

ಗಡಿ ವಿವಾದ ಇದಕ್ಕಿಂತಲೂ ದೊಡ್ಡದು. ಸುಪೀರಿಯರ್ ಸರೋವರದ ಪಶ್ಚಿಮಕ್ಕೆ ಒಂಟಾರಿಯೊ ಎಲ್ಲಿಯವರೆಗೆ ಹಬ್ಬಿದೆ ಎಂಬುದು ಇತ್ಯರ್ಥವಾಗಿರಲಿಲ್ಲ. ೧೮೭೮ರಲ್ಲಿ ಮೂವರು ಪಂಚರು ಬಹುಮಟ್ಟಿಗೆ ಒಂಟಾರಿಯೊದ ಪರವಾಗಿ ತೀರ್ಮಾನ ಕೊಟ್ಟರು. ಅದೇ ವರ್ಷ ಅಧಿಕಾರಕ್ಕೆ ಮರಳಿದ ಮ್ಯಾಕ್ಡೊನಾಲ್ಡ್ ಅದನ್ನು ಒಪ್ಪಲಿಲ್ಲ. ೧೮೮೧ರಲ್ಲಿ ಮ್ಯಾನಿಟೋಬಾ ಪ್ರಾಂತದ ಗಡಿಯನ್ನು ಪೂರ್ವಕ್ಕೆ ವಿಸ್ತರಿಸಿ ವಿವಾದಿತ ಸೀಮೆಯಲ್ಲಿ ಇನ್ನೊಬ್ಬ ಹಕ್ಕುದಾರನನ್ನು ನಿಲ್ಲಿಸಿದ. ಇಂದು ಕೆನೋರಾ ಎಂದು ಕರೆಯುವ ರ್‍ಯಾಟ್ ಪೋರ್ಟೇಜ್ ಎಂಬ ಪುಟ್ಟ ಊರಿನಲ್ಲಿ ಮೂರು ಸರ್ಕಾರಗಳ ಅಧಿಕಾರಿಗಳು, ಪೊಲೀಸರು ಒಬ್ಬರನ್ನೊಬ್ಬರು ಬಂಧಿಸುವ ವಿಚಿತ್ರ ಪರಿಸ್ಥಿತಿ ೧೮೮೩ರಲ್ಲಿ ಉಂಟಾಯಿತು. ಕಡೆಗೆ ವ್ಯಾಜ್ಯ ಲಂಡನ್ನಿಗೆ ಹೋಯಿತು. ೧೮೮೪ರಲ್ಲಿ ಮೋವಟ್ ಸ್ವತಃ ಪ್ರಿವಿ ಕೌನ್ಸಿಲ್ಲಿನ ಮುಂದೆ ನಿಂತು ವಾದಿಸಿ ಗೆದ್ದ. ಹಿಂದಿರುಗಿದಾಗ ಟೊರಾಂಟೊ ನಗರ ಆತನನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡಿತು. ೧೮೮೯ರಲ್ಲಿ ಬ್ರಿಟಿಷ್ ಸಂಸತ್ತು ಆ ಗಡಿಗೆ ಶಾಸನದ ಮುದ್ರೆ ಒತ್ತಿತು.

೬. ಗೆಲುವಿನ ಮರೆಯಲ್ಲಿ

ಗಡಿ ಸಿಕ್ಕಿತು, ಆದರೆ ಅದರೊಳಗಿನ ಕಾಡು ಯಾರದು? ಈ ಪ್ರಶ್ನೆಯೇ ಮೋವಟ್‌ನ ಜೀವನದ ಅತಿ ದೊಡ್ಡ ಮೊಕದ್ದಮೆಗೆ ಕಾರಣವಾಯಿತು. ಆ ಸೀಮೆಯಲ್ಲಿ ಶತಮಾನಗಳಿಂದ ಬದುಕಿದ್ದವರು ಅನಿಶಿನಾಬೆ ಜನಾಂಗದ ಮೂಲನಿವಾಸಿಗಳು. ೧೮೭೩ರ ಅಕ್ಟೋಬರ್‌ನಲ್ಲಿ ಲೇಕ್ ಆಫ್ ದಿ ವುಡ್ಸ್ ಸರೋವರದ ತೀರದಲ್ಲಿ ಕೇಂದ್ರ ಸರ್ಕಾರದ ಪ್ರತಿನಿಧಿಗಳು ಅವರೊಡನೆ ಮೂರನೆಯ ಒಪ್ಪಂದವೆಂದು ಹೆಸರಾದ ಕರಾರು ಮಾಡಿಕೊಂಡಿದ್ದರು. ಸುಮಾರು ೫೫,೦೦೦ ಚದರ ಮೈಲಿ ಭೂಮಿಗೆ ಪ್ರತಿಯಾಗಿ ಮೀಸಲು ಪ್ರದೇಶಗಳು, ತಲೆಗೆ ವರ್ಷಕ್ಕೆ ಐದು ಡಾಲರ್, ಬೇಟೆ ಮತ್ತು ಮೀನುಗಾರಿಕೆಯ ಹಕ್ಕು ಇವು ಅವರಿಗೆ ದೊರೆತ ಭರವಸೆಗಳು. ಈ ಒಪ್ಪಂದದಿಂದ ಭೂಮಿ ತನ್ನದಾಯಿತೆಂದು ತಿಳಿದ ಕೇಂದ್ರ, ೧೮೮೩ರಲ್ಲಿ ಸೇಂಟ್ ಕ್ಯಾಥರೀನ್ಸ್ ಮಿಲ್ಲಿಂಗ್ ಮತ್ತು ಲಂಬರ್ ಕಂಪನಿಗೆ ವಾಬಿಗೂನ್ ಸರೋವರದ ಬಳಿ ಮರ ಕಡಿಯಲು ಪರವಾನಗಿ ಕೊಟ್ಟಿತು. ಒಂಟಾರಿಯೊ ಅದನ್ನು ಪ್ರಶ್ನಿಸಿತು.

೧೮೬೭ರ ಕಾಯಿದೆಯ ೧೦೯ನೆಯ ಪ್ರಕರಣದಂತೆ ಪ್ರಾಂತದೊಳಗಿನ ಸಾರ್ವಜನಿಕ ಭೂಮಿ ಪ್ರಾಂತಕ್ಕೆ ಸೇರಿದ್ದು. ಮೂಲನಿವಾಸಿಗಳಿಗೆ ನಿಜವಾದ ಒಡೆತನವಿದ್ದಿದ್ದರೆ ಕೇಂದ್ರ ಅದನ್ನು ಕೊಂಡುಕೊಂಡಂತಾಗುತ್ತಿತ್ತು. ಆದ್ದರಿಂದ ಪ್ರಾಂತದ ಗೆಲುವಿಗೆ ಮೂಲನಿವಾಸಿಗಳ ಹಕ್ಕನ್ನು ಕುಗ್ಗಿಸುವುದೇ ದಾರಿಯಾಯಿತು. ಕೇಂದ್ರದ ಪರ ನಿಂತವರು ಆ ಹಕ್ಕನ್ನು ಎತ್ತಿ ಹಿಡಿದದ್ದೂ ತಮ್ಮ ಪರವಾನಗಿಯನ್ನು ಉಳಿಸಿಕೊಳ್ಳುವುದಕ್ಕಾಗಿ. ಬ್ಲೇಕ್ ಮತ್ತು ಮೋವಟ್ ಪ್ರಾಂತದ ಪರವಾಗಿ ವಾದಿಸಿದರು. ೧೮೮೮ರ ಡಿಸೆಂಬರ್‌ನಲ್ಲಿ ಲಾರ್ಡ್ ವಾಟ್ಸನ್ ನೀಡಿದ ತೀರ್ಪು, ಮೂಲನಿವಾಸಿಗಳಿಗಿದ್ದುದು ದೊರೆಯ ಕೃಪೆಯನ್ನು ಅವಲಂಬಿಸಿದ ವೈಯಕ್ತಿಕ ಅನುಭೋಗದ ಹಕ್ಕು ಮಾತ್ರವೆಂದು ನಿರ್ಣಯಿಸಿತು. ಒಪ್ಪಂದದಿಂದ ಆ ಹೊರೆ ಇಳಿದೊಡನೆ ಭೂಮಿಯ ಪೂರ್ಣ ಲಾಭ ಒಂಟಾರಿಯೊಗೆ ಸೇರಿತು. ಕಾಡು, ಖನಿಜಗಳಿಂದ ಪ್ರಾಂತದ ಬೊಕ್ಕಸ ತುಂಬತೊಡಗಿತು.

ಯಾರ ಭೂಮಿಯ ಬಗ್ಗೆ ಈ ವಾದ ನಡೆಯಿತೋ ಆ ಅನಿಶಿನಾಬೆ ಜನ ಈ ಮೊಕದ್ದಮೆಯಲ್ಲಿ ಕಕ್ಷಿದಾರರಾಗಿರಲಿಲ್ಲ. ಪರಿಣಾಮಗಳನ್ನು ಮಾತ್ರ ಅವರೇ ಅನುಭವಿಸಿದರು. ಅವರಿಗೆ ಕೊಟ್ಟ ಮೀಸಲು ಪ್ರದೇಶಗಳಿಗೂ ಈಗ ಪ್ರಾಂತದ ಒಪ್ಪಿಗೆ ಬೇಕಾಯಿತು. ಒಂಟಾರಿಯೊ ಅವನ್ನು ಶಾಸನದ ಮೂಲಕ ದೃಢೀಕರಿಸಿದ್ದು ೧೯೧೫ರಲ್ಲಿ, ಅದೂ ಎಲ್ಲವನ್ನೂ ಅಲ್ಲ. ಒಪ್ಪಂದದ ವೆಚ್ಚವನ್ನು ಪ್ರಾಂತ ಭರಿಸಬೇಕೆಂದು ಕೇಂದ್ರ ಹೂಡಿದ ದಾವೆಯೂ ೧೯೧೦ರಲ್ಲಿ ಪ್ರಿವಿ ಕೌನ್ಸಿಲ್ಲಿನಲ್ಲಿ ಬಿದ್ದುಹೋಯಿತು. ಭೂಮಿಯ ಆದಾಯ ಒಬ್ಬರಿಗೆ, ಕೊಟ್ಟ ಮಾತಿನ ಹೊಣೆ ಇನ್ನೊಬ್ಬರಿಗೆ ಎಂಬಂತಾಯಿತು. ಮೂಲನಿವಾಸಿಗಳ ಭೂಹಕ್ಕು ದೊರೆಯ ಕೃಪೆಯಿಂದ ಬಂದದ್ದಲ್ಲ, ಅವರ ಪೂರ್ವಕಾಲದ ವಾಸದಿಂದಲೇ ಹುಟ್ಟಿದ್ದು ಎಂಬ ಮಾತು ಕೆನಡಾದ ಸುಪ್ರೀಂ ಕೋರ್ಟಿನಲ್ಲಿ ಕೇಳಿಬಂದದ್ದು ೧೯೭೩ರ ಕ್ಯಾಲ್ಡರ್ ಪ್ರಕರಣದಲ್ಲಿ. ಮೂರನೆಯ ಒಪ್ಪಂದದ ಸೀಮೆಯಲ್ಲಿ ಮರ ಕಡಿಯಲು ಅನುಮತಿ ಕೊಡುವ ಅಧಿಕಾರ ಯಾರದೆಂಬ ಪ್ರಶ್ನೆ ಗ್ರಾಸಿ ನ್ಯಾರೋಸ್ ಸಮುದಾಯದ ಮೊಕದ್ದಮೆಯಲ್ಲಿ ೨೦೧೪ರಷ್ಟು ಈಚೆಗೂ ಅದೇ ನ್ಯಾಯಾಲಯದ ಮುಂದೆ ಬಂದಿತ್ತು. ಆಗಲೂ ಒಂಟಾರಿಯೊದ ಅಧಿಕಾರವೇ ನಿಂತಿತು. ಆದರೆ ಒಪ್ಪಂದದ ಹೊಣೆಗಳನ್ನು ಪ್ರಾಂತವೂ ಪಾಲಿಸಬೇಕೆಂದು ನ್ಯಾಯಾಲಯ ವಿಧಿಸಿತು. ಮೋವಟ್ ಗೆದ್ದ ವ್ಯಾಜ್ಯ ಆ ಅರ್ಥದಲ್ಲಿ ಇನ್ನೂ ಮುಗಿದಿಲ್ಲ.

೭. ಕಡೆಯ ದಿನಗಳು

೧೮೮೭ರ ಅಕ್ಟೋಬರ್‌ನಲ್ಲಿ ಕ್ವಿಬೆಕ್‌ನ ಪ್ರೀಮಿಯರ್ ಒನೋರೆ ಮರ್ಸಿಯೆ ಕರೆದ ಅಂತರಪ್ರಾಂತೀಯ ಸಮ್ಮೇಳನಕ್ಕೆ ಮೋವಟ್ ಅಧ್ಯಕ್ಷನಾದ. ಏಳು ಪ್ರಾಂತಗಳಲ್ಲಿ ಐದು ಭಾಗವಹಿಸಿದವು. ಶಾಸನ ರದ್ದತಿಯ ಅಧಿಕಾರವನ್ನು ಕೇಂದ್ರದಿಂದ ತೆಗೆಯಬೇಕೆಂದು ನಿರ್ಣಯವಾಯಿತು. ಒಕ್ಕೂಟದ ಬೀಜ ಬಿತ್ತಿದ ನಗರದಲ್ಲಿಯೇ, ಇಪ್ಪತ್ತಮೂರು ವರ್ಷಗಳ ಬಳಿಕ, ಅದೇ ವ್ಯಕ್ತಿ ಅದರ ತಿದ್ದುಪಡಿಗೆ ಕುಳಿತಿದ್ದ. ಮ್ಯಾಕ್ಡೊನಾಲ್ಡ್ ಈ ನಿರ್ಣಯಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆತ ೧೮೯೧ರಲ್ಲಿ ತೀರಿಕೊಂಡ. ಮರುವರ್ಷ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಮೊಕದ್ದಮೆಯೊಂದರಲ್ಲಿ, ಲೆಫ್ಟಿನೆಂಟ್ ಗವರ್ನರ್ ಪ್ರಾಂತದ ಮಟ್ಟಿಗೆ ರಾಣಿಯ ಪೂರ್ಣ ಪ್ರತಿನಿಧಿಯೇ ಎಂದು ಪ್ರಿವಿ ಕೌನ್ಸಿಲ್ ಹೇಳಿದಾಗ ಮೋವಟ್‌ನ ವಾದ ಸಿದ್ಧಾಂತವಾಗಿ ನೆಲೆಗೊಂಡಿತು. ಅದೇ ವರ್ಷ ಆತನಿಗೆ ಸರ್ ಪದವಿ ದೊರೆಯಿತು.

೧೮೯೬ರಲ್ಲಿ, ಎಪ್ಪತ್ತಾರರ ಹೊಸ್ತಿಲಲ್ಲಿ, ಮೋವಟ್ ಪ್ರಾಂತವನ್ನು ಬಿಟ್ಟು ವಿಲ್ಫ್ರಿಡ್ ಲೋರಿಯೆಯ ಕೇಂದ್ರ ಮಂತ್ರಿಮಂಡಲದಲ್ಲಿ ನ್ಯಾಯಮಂತ್ರಿಯಾದ. ಪ್ರಾಂತಗಳ ಶಾಸನಗಳನ್ನು ಪರಿಶೀಲಿಸಿ ರದ್ದತಿಗೆ ಶಿಫಾರಸು ಮಾಡುವ ಕುರ್ಚಿ ಅದು. ಮರುವರ್ಷ ನವೆಂಬರ್‌ನಲ್ಲಿ ಆತ ಒಂಟಾರಿಯೊದ ಲೆಫ್ಟಿನೆಂಟ್ ಗವರ್ನರ್ ಆಗಿ ನೇಮಕಗೊಂಡ. ಆ ಹುದ್ದೆ ಕೇಂದ್ರ ಸರ್ಕಾರದ ನೌಕರಿಯಲ್ಲ, ರಾಜಪ್ರಭುತ್ವದ ಪ್ರಾತಿನಿಧ್ಯ ಎಂದು ಸಾಧಿಸಿದವನೇ ಅದರಲ್ಲಿ ಕುಳಿತಂತಾಯಿತು. ಅದೇ ಹುದ್ದೆಯಲ್ಲಿರುವಾಗಲೇ ೧೯೦೩ರ ಏಪ್ರಿಲ್ ೧೯ರಂದು ಟೊರಾಂಟೊದಲ್ಲಿ ನಿಧನನಾದ. ಅಳಿಯ ಬಿಗ್ಗರ್ ಬರೆದ ಜೀವನಚರಿತ್ರೆ ಎರಡು ಸಂಪುಟಗಳಲ್ಲಿ ೧೯೦೫ರಲ್ಲಿ ಹೊರಬಂದಿತು.

೮. ಸಮಾರೋಪ

ಮೋವಟ್‌ನ ಸಾಧನೆ ಸಂವಿಧಾನದ ಒಂದು ಅಕ್ಷರವನ್ನೂ ಬದಲಿಸದೆ ಅದರ ಅರ್ಥವನ್ನು ಬದಲಿಸಿದ್ದು. ಶಾಸನ ರದ್ದತಿಯ ಅಧಿಕಾರ ಕೆನಡಾದ ಸಂವಿಧಾನದಲ್ಲಿ ಇನ್ನೂ ಉಳಿದಿದೆ. ಆದರೆ ೧೯೪೩ರ ನಂತರ ಯಾವ ಸರ್ಕಾರವೂ ಅದನ್ನು ಬಳಸಿಲ್ಲ. ಭಾರತದ ಸಂವಿಧಾನದಲ್ಲಿಯೂ ಉಳಿಕೆ ಅಧಿಕಾರ ಕೇಂದ್ರದಲ್ಲಿರುವುದು, ರಾಜ್ಯಪಾಲರನ್ನು ಕೇಂದ್ರದ ಸಲಹೆಯಂತೆ ನೇಮಿಸುವುದು, ರಾಜ್ಯದ ಮಸೂದೆಗಳನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸುವುದು ಇವೆಲ್ಲ ಕೆನಡಾದ ಮಾದರಿಯನ್ನು ನೆನಪಿಗೆ ತರುತ್ತವೆ. ಶಾಸನವೊಂದರ ಸಾರವನ್ನು ನೋಡಿ ಅದು ಯಾರ ವ್ಯಾಪ್ತಿಗೆ ಸೇರಿದ್ದೆಂದು ನಿರ್ಣಯಿಸುವ ವಿಧಾನವೂ ಕೆನಡಾದ ಪ್ರಕರಣಗಳಲ್ಲಿ ಬೆಳೆದು, ೧೯೪೭ರ ಖುಲ್ನಾ ಬ್ಯಾಂಕಿನ ಪ್ರಕರಣದ ಮೂಲಕ ನಮ್ಮ ನ್ಯಾಯಶಾಸ್ತ್ರದಲ್ಲಿ ಗಟ್ಟಿಯಾಗಿ ನೆಲೆಯೂರಿತು. ಆದ್ದರಿಂದ ಆತನ ಜೀವನ ನಮಗೆ ತೀರ ಹೊರಗಿನದಲ್ಲ.

ಆದರೆ ಆತನನ್ನು ಕೇವಲ ಸ್ವಾಯತ್ತತೆಯ ವೀರನೆಂದು ಚಿತ್ರಿಸಿದರೆ ಚಿತ್ರ ಅರ್ಧವಾಗುತ್ತದೆ. ಕೇಂದ್ರದಿಂದ ಕೆಳಕ್ಕೆ ಬಂದ ಅಧಿಕಾರ ಪ್ರಾಂತದ ಶಾಸನಸಭೆಯಲ್ಲಿ ನಿಂತಿತು. ಕಾಡಿನ ಜನರವರೆಗೆ ಇಳಿಯಲಿಲ್ಲ. ಬದಲಾಗಿ ಅವರ ಹಕ್ಕನ್ನು ಕಿರಿದುಗೊಳಿಸಿಯೇ ಅದು ಬೆಳೆಯಿತು. ಒಕ್ಕೂಟದಲ್ಲಿ ಅಧಿಕಾರದ ಹಂಚಿಕೆಯನ್ನು ಚರ್ಚಿಸುವಾಗ ಹಂಚಿಕೊಳ್ಳುತ್ತಿರುವುದು ಯಾರ ನೆಲವನ್ನು ಎಂಬ ಪ್ರಶ್ನೆಯನ್ನೂ ಕೇಳಬೇಕೆಂಬುದನ್ನು ಮೋವಟ್‌ನ ಜೀವನಚರಿತ್ರೆ ತಿಳಿಸಿಕೊಡುತ್ತದೆ.